ಒಂದೇ ಒಂದು ಸಂದರ್ಶನ ಅಂದರೆ, ಅರೆಂಟ್ ಅವರದ್ದು

ಚಿಂತಕರ ಪುಸ್ತಕ ಓದದೇ ನೇರವಾಗಿ ನೋಡಬಹುದಾದ, ನಿರೂಪಕರ ಅಬ್ಬರ ಇಲ್ಲದ ಒಂದು ಸಂದರ್ಶನ ಹೇಳಿ ಅಂತ ಕೇಳಿದ್ದೀರಿ. 1964ರಲ್ಲಿ ಜರ್ಮನ್ ಟಿವಿಗಾಗಿ ಪತ್ರಕರ್ತ ಗುಂಟರ್ ಗೌಸ್ ಅವರು, ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಚಿಂತಕಿ ಹ್ಯಾನಾ ಅರೆಂಟ್ ಜೊತೆ ಮಾತಾಡಿದ್ದನ್ನು ನೋಡಿ. ಸುಮಾರು ಒಂದು ಗಂಟೆ, ಕಪ್ಪು ಬಿಳುಪು. ಇಂಗ್ಲಿಷ್ ಸಬ್‌ಟೈಟಲ್ ಇರುವ ವಿಡಿಯೊ ಯೂಟ್ಯೂಬಿನಲ್ಲಿದೆ.

ಗೌಸ್ ಮುಖ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕ್ಯಾಮೆರಾ ಪೂರ್ತಿ ಅರೆಂಟ್ ಮೇಲೆ, ಅವರ ಕೈಯಲ್ಲಿ ಸಿಗರೇಟು. ತತ್ವಜ್ಞಾನಿ ಎಂದು ಪರಿಚಯಿಸಿದರೆ ಅಲ್ಲೇ ತಳ್ಳಿಹಾಕುತ್ತಾರೆ, ನನ್ನದು ರಾಜಕೀಯ ಸಿದ್ಧಾಂತ ಅಂತ. ಜನರ ಮೇಲೆ ಪ್ರಭಾವ ಬೀರುವ ಆಸೆಯೆಲ್ಲ ಗಂಡಸರಿಗೆ, ನನಗೆ ಅರ್ಥವಾದರೆ ಸಾಕು ಅನ್ನುತ್ತಾರೆ!

ಹಿಟ್ಲರ್ ಅಧಿಕಾರಕ್ಕೆ ಬಂದ 1933ರ ಭಾಗವನ್ನಂತೂ ಬಿಡಬೇಡಿ. ತಮ್ಮನ್ನು ಬಂಧಿಸಿದ ಪೊಲೀಸ್ ಅಧಿಕಾರಿಯೇ ಸ್ನೇಹಿತನಂತಾಗಿ ಬಿಡಿಸಿದ್ದನ್ನು ನಗುತ್ತಾ ಹೇಳುತ್ತಾರೆ. ಆಮೇಲೆ ಮಾತು ಗಂಭೀರವಾಗುತ್ತದೆ. ಹಿಟ್ಲರ್ ಬಂದಾಗ ಶತ್ರುಗಳು ಮಾಡಿದ್ದಕ್ಕಿಂತ ಸ್ನೇಹಿತರು ಮಾಡಿದ್ದು ಅವರಿಗೆ ಜಾಸ್ತಿ ನೋವು ಕೊಟ್ಟಿತಂತೆ. ಅದರಲ್ಲೂ ಓದಿದವರು. ಹೆಂಡತಿ ಮಕ್ಕಳಿಗಾಗಿ ಹಿಟ್ಲರ್ ಆಡಳಿತಕ್ಕೆ ತಲೆಬಾಗಿದವರ ಮೇಲೆ ಅವರಿಗೆ ಸಿಟ್ಟಿಲ್ಲ. ಹಿಟ್ಲರ್ ಬಗ್ಗೆ ದೊಡ್ಡ ದೊಡ್ಡ ಸಿದ್ಧಾಂತ ಕಟ್ಟಿ, ಅದನ್ನೇ ನಂಬಿಬಿಟ್ಟವರ ಮೇಲೆ ಸಿಟ್ಟು.

ಇದು ಹಿಡಿಸಿದರೆ ಗೌಸ್ ಅವರು ನಡೆಸಿದ ಅದೇ ಟಿವಿ ಸರಣಿಯ ಬೇರೆ ಸಂದರ್ಶನಗಳನ್ನೂ ಹುಡುಕಿ. ಆದರೆ ಅವುಗಳಿಗೆ ಜರ್ಮನ್ ಬೇಕಾಗಬಹುದು.