ರಾಮನಿಗೆ 12 ದಿನ, ಶಾಮನಿಗೆ 18 ದಿನ. ಇಬ್ಬರೂ ಸೇರಿದರೆ 15 ಯಾಕೆ ಅಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ರಾಮ 12 ದಿನದಲ್ಲಿ, ಶಾಮ 18 ದಿನದಲ್ಲಿ ಮುಗಿಸುವ ಕೆಲಸಕ್ಕೆ ಇಬ್ಬರೂ ಸೇರಿದರೆ ಎಷ್ಟು ದಿನ ಅಂದಾಗ ಪ್ರತಿ ಸಲ 15 ಅಂತ ಬರೆದುಬಿಡುತ್ತೇನೆ ಅಂದಿದ್ದೀರಿ. ಸೂತ್ರ ಬಾಯಿಪಾಠ ಇದೆ, ಆದರೆ ಲೆಕ್ಕ ಸ್ವಲ್ಪ ತಿರುಗಿಸಿ ಕೊಟ್ಟರೆ ತಲೆ ಓಡಲ್ಲ ಅಂತಲೂ ಬರೆದಿದ್ದೀರಿ. ಹತ್ತನೇ ತರಗತಿಯಲ್ಲಿ ನಾನೂ ಇದೇ 15ರ ಗಿರಾಕಿ.

ಮೊದಲು ಸೂತ್ರ ಬದಿಗಿಡಿ. ರಾಮ ಒಬ್ಬನೇ ಮಾಡಿದರೂ 12 ದಿನಕ್ಕೆ ಮುಗಿಯುತ್ತೆ. ಶಾಮ ಬಂದ ಮೇಲೆ 15 ಆಯಿತು ಅಂದರೆ ಶಾಮ ಬಂದು ಕೆಲಸ ಕೆಡಿಸಿದ ಅಂತಲೇ ಅರ್ಥ, ಅಲ್ವಾ? ಇಬ್ಬರೂ ರಾಮನಷ್ಟೇ ಚುರುಕಾಗಿದ್ದರೆ 6 ದಿನ ಸಾಕು. ಇಬ್ಬರೂ ಶಾಮನಷ್ಟೇ ನಿಧಾನ ಆಗಿದ್ದರೆ 9 ದಿನ ಬೇಕು. ಹಾಗಾದರೆ ಉತ್ತರ 6ಕ್ಕೂ 9ಕ್ಕೂ ನಡುವೆ ಇರಲೇಬೇಕು. ನಾಲ್ಕು ಆಯ್ಕೆ ಕೊಡುವ ಪರೀಕ್ಷೆಯಲ್ಲಿ ಎಷ್ಟೋ ಸಲ ಇಷ್ಟರಲ್ಲೇ ಮೂರು ಆಯ್ಕೆ ಉದುರಿಹೋಗುತ್ತವೆ.

ನನಗೆ ಇದು ತಲೆಗೆ ಹತ್ತಿದ್ದು ಅಡುಗೆಮನೆಯಲ್ಲಿ. ನಮ್ಮದು ವಿಜಯಪುರ. ಮನೆಯಲ್ಲಿ ಕಾರ್ಯ ಅಂದರೆ ಜೋಳದ ರೊಟ್ಟಿ ಬುಟ್ಟಿಗಟ್ಟಲೆ ಬೇಕು. ಅವ್ವ 120 ರೊಟ್ಟಿ ಬಡಿದು ಬೇಯಿಸಲು 4 ತಾಸು ತೆಗೆದುಕೊಳ್ಳುತ್ತಿದ್ದಳು. ಚಿಗವ್ವನಿಗೆ 6 ತಾಸು. 4 ಮತ್ತು 6 ಕೂಡಿಸಿ ಏನು ಸಿಗುತ್ತೆ? ಏನೂ ಇಲ್ಲ. ಅವ್ವ ತಾಸಿಗೆ 30 ರೊಟ್ಟಿ, ಚಿಗವ್ವ ತಾಸಿಗೆ 20 ರೊಟ್ಟಿ. ಇವನ್ನು ಕೂಡಿಸಬಹುದು, ಯಾಕೆಂದರೆ ಎರಡೂ ರೊಟ್ಟಿ ಒಂದೇ ಬುಟ್ಟಿಗೆ ಬೀಳುತ್ತವೆ. ತಾಸಿಗೆ 50 ಆದರೆ 120ಕ್ಕೆ 2.4 ತಾಸು, ಅಂದರೆ 2 ತಾಸು 24 ನಿಮಿಷ.

ಇಡೀ ಗುಟ್ಟು ಇಷ್ಟೇ. ದಿನ ಕೂಡಿಸಬಾರದು, ಒಂದು ದಿನದಲ್ಲಿ ಆಗುವ ಕೆಲಸ ಕೂಡಿಸಬೇಕು.

ನಿಮ್ಮ ಲೆಕ್ಕದಲ್ಲಿ ರೊಟ್ಟಿ ಎಷ್ಟು ಅಂತ ಹೇಳಿಲ್ಲ. ಪರವಾಗಿಲ್ಲ, ನೀವೇ ಇಟ್ಟುಕೊಳ್ಳಿ. 12 ಮತ್ತು 18 ಎರಡರಿಂದಲೂ ಭಾಗ ಹೋಗುವ ಚಿಕ್ಕ ಸಂಖ್ಯೆ, ಅಂದರೆ ಲಸಾಅ, 36. ಒಟ್ಟು ಕೆಲಸ 36 ರೊಟ್ಟಿ. ರಾಮ ದಿನಕ್ಕೆ 3, ಶಾಮ ದಿನಕ್ಕೆ 2, ಇಬ್ಬರೂ ಸೇರಿ 5. 36 ÷ 5 = 7.2 ದಿನ. ಪುಸ್ತಕದಲ್ಲಿ ಒಟ್ಟು ಕೆಲಸ 1 ಅಂತ ಹಿಡಿದು 1/12 + 1/18 = 5/36 ಅಂತ ಬರೆಯುತ್ತಾರೆ. ಅದು ಒಂದು ದಿನದ ಕೆಲಸ, ತಿರುವಿದರೆ 36/5 ದಿನ. ಎರಡೂ ಒಂದೇ. ನನಗಂತೂ ಭಿನ್ನರಾಶಿಗಿಂತ ರೊಟ್ಟಿ ಎಣಿಸುವುದು ಸುಲಭ.

ಅಂದ ಹಾಗೆ, ಅವ್ವ, ಚಿಗವ್ವ ಸೇರಿ ಆ 120 ರೊಟ್ಟಿಗೆ ಕೂತ ದಿನ ನನ್ನ ಲೆಕ್ಕ ಪೂರ್ತಿ ತಪ್ಪಾಯಿತು. ಆರು ಗಂಟೆಗೆ ಶುರು ಮಾಡಿದರೆ ಎಂಟೂವರೆಗೆ ಮುಗಿಯುತ್ತೆ ಅಂತ ಅಪ್ಪನಿಗೆ ಜಂಬದಿಂದ ಹೇಳಿದ್ದೆ. ಹತ್ತಾದರೂ ಮುಗಿಯಲಿಲ್ಲ. ಅವ್ವ ಅಂದಳು, "ಕೈ ನಾಕ್ ಅದಾವಪಾ, ಹಂಚ ಒಂದ ಐತಿ." ಚಿಗವ್ವ ಬಡಿದ ರೊಟ್ಟಿ ಹಂಚಿಗಾಗಿ ಕಾಯುತ್ತಾ ಕೂತಿದ್ದವು. ವೇಗ ಕೂಡಿಸಬೇಕಾದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರಬಾರದು. ಪರೀಕ್ಷೆಯ ರಾಮ, ಶಾಮ ಯಾವತ್ತೂ ಅಡ್ಡ ಬರಲ್ಲ. ಅವರಿಗೆ ಹಂಚು ಎರಡು ಇದೆ ಅಂತ ಹಿಡಿದೇ ಲೆಕ್ಕ ಕೊಟ್ಟಿರುತ್ತಾರೆ.

ಈಗ ತಿರುಗಿಸಿ ಕೊಡುವ ಲೆಕ್ಕ. ಇಬ್ಬರೂ ಒಟ್ಟಿಗೆ ಶುರು ಮಾಡಿದರು, ಕೆಲಸ ಮುಗಿಯುವುದಕ್ಕೆ 3 ದಿನ ಮುಂಚೆ ರಾಮ ಬಿಟ್ಟು ಹೋದ. ಒಟ್ಟು ಎಷ್ಟು ದಿನ? ಇಲ್ಲಿ ಬಾಯಿಪಾಠದ ಸೂತ್ರ ಕೈ ಕೊಡುತ್ತೆ. ಗೊತ್ತಿಲ್ಲದ್ದು ಒಟ್ಟು ದಿನ, ಅದಕ್ಕೆ 'ದ' ಅಂತ ಹೆಸರಿಡಿ. ಶಾಮ ದುಡಿದದ್ದು ದ ದಿನ, ರಾಮ ದುಡಿದದ್ದು ದ − 3 ದಿನ. ಇಬ್ಬರ ರೊಟ್ಟಿ ಸೇರಿ 36 ಆಗಬೇಕು:

3(ದ − 3) + 2ದ = 36
5ದ = 45
ದ = 9

ತಾಳೆ ನೋಡಿ. ರಾಮ 6 ದಿನದಲ್ಲಿ 18, ಶಾಮ 9 ದಿನದಲ್ಲಿ 18. ಸರಿ ಹೋಯಿತು. ಯಾರು ಯಾವಾಗ ಬಂದರು, ಯಾವಾಗ ಹೋದರು ಅಂತ ಎಷ್ಟೇ ಸುತ್ತಿಸಲಿ, ಸಮೀಕರಣ ಇದೇ ಥರ ಇರುತ್ತೆ. ಒಬ್ಬೊಬ್ಬರ ವೇಗವನ್ನು ಅವರವರು ದುಡಿದ ದಿನದಿಂದ ಗುಣಿಸಿ ಕೂಡಿಸಿದರೆ ಒಟ್ಟು ಕೆಲಸ ಬರಬೇಕು.

ಇದೇ ಲೆಕ್ಕಕ್ಕೆ ಕೂಲಿಯ ಬಾಲ ಅಂಟಿಸುತ್ತಾರೆ. ಒಟ್ಟು 6,000 ರೂಪಾಯಿ, ಯಾರಿಗೆ ಎಷ್ಟು? ರಾಮ 6 ದಿನ, ಶಾಮ 9 ದಿನ ದುಡಿದಿದ್ದಾರೆ ಅಂತ ದಿನ ನೋಡಿ ಹಂಚಬೇಡಿ. ಮಾಡಿದ ಕೆಲಸ ಸಮ, ಆದ್ದರಿಂದ ತಲಾ 3,000. ಹೊಲದಲ್ಲಿ ದಿನಗೂಲಿಗೆ ಬಂದವರ ಹತ್ತಿರ ಹೋಗಿ ಈ ನ್ಯಾಯ ಹೇಳಿದರೆ ಶಾಮ ಜಗಳ ತೆಗೆಯುತ್ತಾನೆ, ಅದು ಬೇರೆ ಮಾತು. ಪರೀಕ್ಷೆಯಲ್ಲಿ ಎಲ್ಲವೂ ಗುತ್ತಿಗೆ ಕೆಲಸ.

ನಳ ಮತ್ತು ಟಾಕಿಯ ಲೆಕ್ಕಗಳೂ ಇದೇ ಜಾತಿ. ಇವು ಹೊಸವೇನಲ್ಲ. 1150ರಲ್ಲಿ ಭಾಸ್ಕರಾಚಾರ್ಯ ಬರೆದ ಲೀಲಾವತಿಯಲ್ಲೇ ಒಂದು ಇದೆ. ಒಂದು ಕೊಳವನ್ನು ನಾಲ್ಕು ಝರಿಗಳು ಒಂದೊಂದಾಗಿ ಒಂದು ದಿನ, ಅರ್ಧ ದಿನ, ದಿನದ ಮೂರನೇ ಒಂದು ಭಾಗ, ಆರನೇ ಒಂದು ಭಾಗದಲ್ಲಿ ತುಂಬಿಸುತ್ತವೆ. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ? ದಿನಕ್ಕೆ 1, 2, 3, 6 ಕೊಳ, ಒಟ್ಟು 12. ಅಂದರೆ ದಿನದ ಹನ್ನೆರಡನೇ ಒಂದು ಭಾಗ, ನಮ್ಮ ಗಡಿಯಾರದಲ್ಲಿ 2 ತಾಸು. ಭಾಸ್ಕರ ತನ್ನ ಊರು ವಿಜ್ಜಡವಿಡ ಅಂತ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಅಂತ ಇಲ್ಲಿಯವರು, ಅಲ್ಲ, ಮಹಾರಾಷ್ಟ್ರದ ಕಡೆಯದು ಅಂತ ಇನ್ನು ಕೆಲವರು. ವಾದ ಮುಗಿದಿಲ್ಲ.

ಕೊನೆಗೆ, ವರ್ಗ ಸಮೀಕರಣ ಬರುವ ಥರದ್ದು ಒಂದು. ಬೋರಿನ ಮೋಟಾರಿಗಿಂತ ನಳಕ್ಕೆ ಟಾಕಿ ತುಂಬಿಸಲು 5 ತಾಸು ಜಾಸ್ತಿ ಬೇಕು. ಎರಡನ್ನೂ ಬಿಟ್ಟರೆ 6 ತಾಸು. ಮೋಟಾರಿಗೆ ಎಷ್ಟು? ಮೋಟಾರಿಗೆ 'ತ' ತಾಸು, ನಳಕ್ಕೆ ತ + 5.

1/ತ + 1/(ತ + 5) = 1/6
ತ² − 7ತ − 30 = 0
(ತ − 10)(ತ + 3) = 0

ಒಂದು ಉತ್ತರ 10, ಅಂದರೆ ನಳಕ್ಕೆ 15. ಇನ್ನೊಂದು −3. ತಾಸು ಋಣ ಆಗಲ್ಲ ಅಂತ ಹೇಳಿ ಇದನ್ನು ಹೊಡೆದು ಹಾಕಿಸುತ್ತಾರೆ. ಆದರೆ ಒಂದು ಗಳಿಗೆ ನಿಂತು ನೋಡಿ. ತ = −3 ಆದರೆ ತ + 5 = 2. ಮೋಟಾರು ತುಂಬಿಸುವ ಬದಲು 3 ತಾಸಿನಲ್ಲಿ ಟಾಕಿ ಖಾಲಿ ಮಾಡುತ್ತೆ, ನಳ 2 ತಾಸಿನಲ್ಲಿ ತುಂಬಿಸುತ್ತೆ ಅಂದುಕೊಳ್ಳಿ. 1/2 − 1/3 = 1/6. ಟಾಕಿ ಸರಿಯಾಗಿ 6 ತಾಸಿಗೇ ತುಂಬುತ್ತೆ! ಸೋರುವ ಟಾಕಿಯ ಲೆಕ್ಕದಲ್ಲಿ ಕಳೆಯುವುದು ಯಾಕೆ ಅನ್ನೋದಕ್ಕೂ ಇದೇ ಉತ್ತರ. ಸೋರಿಕೆ ಅಂದರೆ ಋಣ ವೇಗದ ನಳ.

ಉತ್ತರ ಪತ್ರಿಕೆಯಲ್ಲಿ ಮಾತ್ರ ಈ ಕಥೆ ಬೇಡ. ಸುಮ್ನೆ −3 ಹೊಡೆದು 10 ಬರೆಯಿರಿ.