ಸಣ್ಣ ಸಂಘದ ಮಾತಿಗೆ ಸರ್ಕಾರದ ನಿರ್ಧಾರ ಬದಲಾಗುತ್ತಾ?

ಸಕಲೇಶಪುರದ ಕಡೆ ಎಂಟು ಹತ್ತು ಜನ ಸೇರಿ ಪರಿಸರದ ಕೆಲಸಕ್ಕೆ ಸಂಘ ಕಟ್ಟಬೇಕು ಅಂತಿದ್ದೀರಿ, ನಮ್ಮ ಮಾತು ಯಾರು ಕೇಳ್ತಾರೆ ಅಂತ ಕೇಳಿದ್ದೀರಿ. ಕೇಳ್ತಾರೆ. ಕೇಳಲೇಬೇಕಾದ ಹೊತ್ತು ಅಂತ ಒಂದಿರುತ್ತದೆ, ಅದು ಕೈತಪ್ಪಬಾರದು ಅಷ್ಟೇ.

ನಾನು ಮೂಡಿಗೆರೆ ಕಡೆಯವನು. ನಮಗೆ ಕುದುರೆಮುಖಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಅಲ್ಲಿನ ಕಬ್ಬಿಣದ ಅದಿರಿನ ಗಣಿ ಗುತ್ತಿಗೆ 1969ರದ್ದು. 30 ವರ್ಷ ಕಳೆದು 1999ಕ್ಕೆ ಮುಗಿಯಿತು. ಮತ್ತೆ ಕೊಡಬೇಕೋ ಬೇಡವೋ ಅನ್ನುವ ಆ ಹೊತ್ತಲ್ಲೇ ವಿರೋಧ ಜೋರಾಯಿತು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. ಗಣಿಯ ಮಣ್ಣು ಭದ್ರಾ ನದಿಗೆ ಸೇರುತ್ತಿದೆ ಅನ್ನುವುದು ದೊಡ್ಡ ವಾದವಾಗಿತ್ತು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಎದುರಿಗಿದ್ದದ್ದು ಸರ್ಕಾರದ್ದೇ ಕಂಪನಿ, ನೆನಪಿರಲಿ. ನಿಮ್ಮದೇ ತಾಲ್ಲೂಕಿನ ಗುಂಡ್ಯ ಜಲವಿದ್ಯುತ್ ಯೋಜನೆಗೂ ಊರವರು ಅಡ್ಡ ನಿಂತರು. ಪಶ್ಚಿಮ ಘಟ್ಟದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಗಾಡ್ಗೀಳ್ ಸಮಿತಿಯ 2011ರ ವರದಿ ಆ ಯೋಜನೆ ಬೇಡ ಅಂತಲೇ ಹೇಳಿತು.

ದೊಡ್ಡ ಯೋಜನೆ ಬಂದರೆ 2006ರ ಪರಿಸರ ಅಧಿಸೂಚನೆ ಪ್ರಕಾರ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಆಗಬೇಕು. 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಡಿಸಿ ಕಚೇರಿಯಲ್ಲಿ ಕೇಳಿ. ಸಭೆಯಲ್ಲಿ ಭಾಷಣ, ಘೋಷಣೆ ಎಲ್ಲ ಆಗುತ್ತದೆ, ಆಗಲಿ. ಆದರೆ ಕೊನೆಯವರೆಗೂ ಕೂತಿರಿ. ಜನ ಹೇಳಿದ್ದನ್ನೆಲ್ಲ ಬರೆದು, ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು ಅನ್ನುವುದು ನಿಯಮ. ನಾನು ಹೋಗಿದ್ದ ಒಂದು ಸಭೆಯಲ್ಲಿ ಒಬ್ಬ ಹೆಂಗಸು ತನ್ನ ಗದ್ದೆಯ ಮೇಲಿನ ಒರತೆ ಬತ್ತುತ್ತದೆ ಅಂತ ಹೇಳಿದ್ದರು. ಓದುವಾಗ ಆ ಮಾತೇ ಇರಲಿಲ್ಲ. ಅವರು ಎದ್ದು ನಿಂತು 'ನಂದು ಎಲ್ಲಿ ಸ್ವಾಮಿ, ಬರ್ಕೊಳಿ' ಅಂದರು. ಬರೆದುಕೊಂಡರು. ಆಮೇಲೇ ಸಹಿ ಆಯಿತು. ಆ ಒಂದು ಸಾಲು ಕಡತದಲ್ಲಿ ಸೇರಿತು. ನಾಳೆ ಕೋರ್ಟಿಗೆ ಹೋದರೆ ತೋರಿಸೋಕೆ ಅದೇ ಬೇಕಲ್ವಾ?

ನೋಂದಣಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ 7 ಜನ ಇದ್ದರೆ ಸಾಕು. ಆಕ್ಷೇಪಣೆ ಕೊಡೋಕಂತೂ ಸಂಘವೇ ಬೇಕಿಲ್ಲ. ಆದರೆ ಮಾಹಿತಿ ಹಕ್ಕು ಅರ್ಜಿಯನ್ನು ಸಂಘದ ಹೆಸರಲ್ಲಿ ಹಾಕಬೇಡಿ, ಒಬ್ಬರ ಹೆಸರಲ್ಲಿ ಹಾಕಿ. ಆ ಹಕ್ಕು ಇರುವುದು ನಾಗರಿಕರಿಗೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಇನ್ನೊಂದು ಮಾತು. ಡಿಸೆಂಬರ್, ಜನವರಿಯಲ್ಲಿ ಸಭೆ ಇಟ್ಟರೆ ಕಾಫಿ ಕೊಯ್ಲು ಬಿಟ್ಟು ಕೂಲಿಯವರು ಬರೋದು ಕಷ್ಟ. ಬರಲಾಗದವರು ಲಿಖಿತ ಆಕ್ಷೇಪಣೆಯನ್ನು ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬಹುದು. ಸಂಜೆ ತೋಟದ ಕೂಲಿಯವರು ಇರುವ ಲೈನ್ ಮನೆಗಳ ಹತ್ತಿರ ಹೋಗಿ, ಅವರು ಹೇಳಿದ ಹಾಗೇ ಬರೆದು, ಓದಿ ಹೇಳಿ ಸಹಿ ಹಾಕಿಸಿ. ಒಂದೊಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಸ್ವೀಕೃತಿ ಮುದ್ರೆ ಸಮೇತ.