ಕೇಳಿ ನೋಡೋಣ: ಲೋಟದೊಳಗಿನ ಉಂಡೆ ಐಸ್

ಸಿಲಿಕೋನ್ ಅಚ್ಚಿನಲ್ಲಿ ಉಂಡೆ ಐಸ್ ಮಾಡುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಬೇರೆ ಹೇಳದಿದ್ದರೆ ಉಂಡೆ ಎಂದರೆ 6 ಸೆಂ.ಮೀ. ಅಡ್ಡಳತೆಯ, ಎರಡು ಹೋಳಿನ ಅಚ್ಚಿನದು ಎಂದು ತಿಳಿಯಿರಿ.

ಪ್ರಶ್ನೆ: ನಿಂಬೆ ಪಾನಕಕ್ಕೆ ಒಂದು ಉಂಡೆ ಹಾಕಿ ಐದು ನಿಮಿಷ ಕಾದರೂ ಪಾನಕ ಸರಿಯಾಗಿ ತಣ್ಣಗಾಗುವುದಿಲ್ಲ. ಹಳೇ ಟ್ರೇ ಐಸೇ ವಾಸಿ ಅನ್ನಿಸುತ್ತಿದೆ. ಎಲ್ಲಿ ತಪ್ಪುತ್ತಿದ್ದೇವೆ? (ಮೈಸೂರು)

ಉತ್ತರ: ಬಿಸಿಯಾಗಿರುವುದನ್ನು ಬೇಗ ತಣಿಸುವುದಕ್ಕೆ ಉಂಡೆ ಐಸ್ ಹೇಳಿಸಿದ್ದಲ್ಲ. ಮೊದಲೇ ತಣ್ಣಗಿರುವುದನ್ನು ಹೆಚ್ಚು ಹೊತ್ತು ಹಾಗೇ ಉಳಿಸುವುದು ಅದರ ಕೆಲಸ. ಒಂದಿಷ್ಟು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 200 ಮಿ.ಲೀ. ಪಾನಕವನ್ನು 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಸುಮಾರು 5,000 ಕ್ಯಾಲೊರಿ ಶಾಖವನ್ನು ಹೊರಗೆಳೆಯಬೇಕು. ಒಂದು ಗ್ರಾಂ ಐಸ್ ಕರಗುವಾಗ ಹೀರಿಕೊಳ್ಳುವುದು 80 ಕ್ಯಾಲೊರಿ. ಅಂದರೆ ಐಸ್ ಯಾವ ಆಕಾರದಲ್ಲೇ ಇರಲಿ, 50ರಿಂದ 60 ಗ್ರಾಂ ಕರಗಲೇಬೇಕು. ನಿಮ್ಮ ಉಂಡೆಯ ತೂಕ ಹೆಚ್ಚೆಂದರೆ 104 ಗ್ರಾಂ. ಅರ್ಧದಷ್ಟು ಕರಗಿ ಪಾನಕ ನೀರಾದ ಮೇಲೆ ಉಂಡೆ ಮಾಡಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಕರಗುವುದು ನಿಧಾನವಾಗಲು ಕಾರಣ ಅದರ ಮೈ. ಎರಡೂವರೆ ಸೆಂ.ಮೀ. ಬದಿಯ ಏಳು ಕ್ಯೂಬುಗಳಲ್ಲಿ ಹೆಚ್ಚುಕಡಿಮೆ ಒಂದು ಉಂಡೆಯಷ್ಟೇ ಐಸ್ ಇರುತ್ತದೆ. ಆದರೆ ಆ ಏಳೂ ಸೇರಿ ಪಾನಕಕ್ಕೆ ತಾಗುವ ಮೈ 262 ಚದರ ಸೆಂ.ಮೀ., ಉಂಡೆಯದು 113 ಮಾತ್ರ. ತಾಗುವುದು ಕಡಿಮೆಯಾದಷ್ಟೂ ಕರಗುವುದು ನಿಧಾನ, ತಣಿಸುವುದೂ ನಿಧಾನ.

ಹಾಗಾಗಿ ಪಾನಕದ ಜಗ್ಗನ್ನು ಎರಡು ಮೂರು ಗಂಟೆ ಮೊದಲೇ ಫ್ರಿಜ್ಜಿನಲ್ಲಿಡಿ, ಲೋಟವನ್ನೂ ಇಟ್ಟರೆ ಇನ್ನೂ ಒಳ್ಳೆಯದು. 8 ಡಿಗ್ರಿಯಲ್ಲಿರುವ ಪಾನಕಕ್ಕೆ ಉಂಡೆ ಹಾಕಿದರೆ ಇನ್ನಷ್ಟು ತಣಿಸುವ ಕೆಲಸವನ್ನು ಬಹುಮಟ್ಟಿಗೆ ಐಸಿನ ಒಳಗಿನ ಚಳಿಯೇ ಮಾಡಿಬಿಡುತ್ತದೆ, ಕರಗುವುದು ತೀರಾ ಸ್ವಲ್ಪ. ನೆಂಟರು ಬಂದು ನಿಂತ ಹೊತ್ತಿಗೆ ಪಾನಕ ಕಲಸುವುದಾದರೆ ಟ್ರೇ ಐಸನ್ನೇ ಹಾಕಿ, ಚೆನ್ನಾಗಿ ಕಲಕಿ ಕೊಡಿ. ಅಲ್ಲಿ ಅದೇ ಸರಿ.

ಪ್ರಶ್ನೆ: ಉಂಡೆಯ ಸುತ್ತ ಶನಿಗ್ರಹದ ಬಳೆಯ ಹಾಗೆ ಒಂದು ಅಂಚು ಬರುತ್ತದೆ, ಮೇಲೆ ಕೊಂಬಿನಂತೆ ಮೂಡಿರುತ್ತದೆ. ಕೆಲವು ಸಲ ನೀರು ಸೋರಿ ಅಚ್ಚು ಫ್ರೀಜರಿಗೇ ಅಂಟಿಕೊಂಡಿರುತ್ತದೆ. (ಹುಬ್ಬಳ್ಳಿ)

ಉತ್ತರ: ನೀರು ಹೆಚ್ಚಾಗಿದೆ. ನೀರು ಐಸಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಮೊದಲು ಹೊರಗಿನ ಪದರ ಗಟ್ಟಿಯಾಗುತ್ತದೆ, ಒಳಗಿನ ನೀರು ಆಮೇಲೆ ಹಿಗ್ಗಿ ಜಾಗ ಹುಡುಕುತ್ತದೆ. ಮೇಲಿನ ತೂತಿನಲ್ಲಿ ಹೊರಬಂದರೆ ಕೊಂಬು, ಮೇಲಿನ ಹೋಳನ್ನೇ ಎತ್ತಿ ಸಂದಿನಲ್ಲಿ ನುಗ್ಗಿದರೆ ಬಳೆ.

6 ಸೆಂ.ಮೀ. ಅಚ್ಚಿನ ಒಳಗಿನ ಜಾಗ 113 ಮಿ.ಲೀ. ಅದಕ್ಕೆ ಹಾಕಬೇಕಾದ ನೀರು 102ರಿಂದ 104 ಮಿ.ಲೀ. ಕಣ್ಣಳತೆ ನಂಬಬೇಡಿ. ಅಡುಗೆ ತಕ್ಕಡಿಯ ಮೇಲೆ ಖಾಲಿ ಅಚ್ಚಿಟ್ಟು, ಸೊನ್ನೆಗೆ ತಂದು, 103 ಗ್ರಾಂ ಬರುವವರೆಗೆ ನೀರು ಬಿಡಿ. ಒಮ್ಮೆ ಹೀಗೆ ಅಳೆದು, ಅಷ್ಟು ನೀರು ಹಿಡಿಯುವ ಒಂದು ಸಣ್ಣ ಲೋಟ ಗೊತ್ತುಮಾಡಿಕೊಂಡರೆ ಮತ್ತೆ ತಕ್ಕಡಿ ಬೇಡ.

ನೀರು ತುಂಬುವ ಮೊದಲು ಎರಡೂ ಹೋಳಿನ ಅಂಚನ್ನು ಒಣಬಟ್ಟೆಯಲ್ಲಿ ಒರೆಸಿ. ಒಂದು ಅಕ್ಕಿನುಚ್ಚಿನಷ್ಟು ಹಳೇ ಐಸ್ ಚೂರು ಅಂಚಿನ ತೋಡಿನಲ್ಲಿ ಕೂತಿದ್ದರೂ ಸಾಕು, ಅಲ್ಲಿಂದಲೇ ಸೋರುತ್ತದೆ. ಹೋಳುಗಳನ್ನು ಕೂಡಿಸಿದ ಮೇಲೆ ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತಾ ಬನ್ನಿ, ಕೊನೆಗೆ ಮೇಲೊಮ್ಮೆ ಅದುಮಿ. ತೂತಿನಿಂದ ನೀರು ಬಿಡಲು ಸಾಸ್ ಬಾಟಲಿ ಅನುಕೂಲ, ಗಾಳಿ ಹೊರಬರಲು ಜಾಗ ಬಿಟ್ಟು ಸಣ್ಣ ಧಾರೆಯಲ್ಲಿ ಬಿಡುತ್ತದೆ. ಸಿಲಿಕೋನ್ ಮೆತ್ತಗಿರುವುದರಿಂದ ಕೈಯಲ್ಲಿ ಹಿಡಿದು ಫ್ರೀಜರಿನವರೆಗೆ ನಡೆದರೆ ನೀರು ಚಿಮ್ಮುತ್ತದೆ. ಪ್ರತಿ ಅಚ್ಚನ್ನೂ ಒಂದು ಸ್ಟೀಲ್ ಬಟ್ಟಲಲ್ಲಿ ಕೂರಿಸಿಕೊಂಡೇ ನೀರು ತುಂಬಿ, ಬಟ್ಟಲ ಸಮೇತ ಫ್ರೀಜರಿನಲ್ಲಿಡಿ. ಸೋರಿದರೂ ಬಟ್ಟಲಿಗೇ ಸೋರುತ್ತದೆ.

ಗಟ್ಟಿಯಾಗಲು 8ರಿಂದ 12 ಗಂಟೆ ಬೇಕು, ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವುದು ಸುಲಭ. ತೆಗೆದ ಕೂಡಲೇ ಎಳೆಯಬೇಡಿ. ಎರಡು ಮೂರು ನಿಮಿಷ ಹೊರಗಿಟ್ಟು, ಮೇಲಿನ ಹೋಳಿನ ಅಂಚನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಡಿಸಿ ಎತ್ತಿ, ಆಮೇಲೆ ಕೆಳಗಿನದನ್ನು ಹಿಂದಿನಿಂದ ತಳ್ಳಿ. ತಿರುಚಿದರೆ ಅಚ್ಚಿನ ಅಂಚು ಸಡಿಲವಾಗುತ್ತದೆ, ಮುಂದೆ ಎಷ್ಟು ಒತ್ತಿದರೂ ಕೂಡುವುದಿಲ್ಲ.

ಪ್ರಶ್ನೆ: ಹೋಟೆಲುಗಳಲ್ಲಿ ಗಾಜಿನಂತೆ ಇರುತ್ತದೆ, ನಮ್ಮದು ನಡುವೆ ಹತ್ತಿ ತುಂಬಿದಂತೆ ಬೆಳ್ಳಗೆ. ನೀರನ್ನು ಎರಡು ಸಲ ಕುದಿಸಿದರೂ ಹಾಗೇ. (ಬೆಂಗಳೂರು)

ಉತ್ತರ: ಕುದಿಸಿದರೆ ನೀರಿನಲ್ಲಿ ಕರಗಿರುವ ಗಾಳಿ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಆರುವಾಗ ಮತ್ತೆ ಸೇರುತ್ತದೆ. ಅಸಲಿ ಕಾರಣ ನೀರಿನಲ್ಲಿಲ್ಲ, ಹೆಪ್ಪುಗಟ್ಟುವ ದಿಕ್ಕಿನಲ್ಲಿದೆ. ಐಸ್ ಬೆಳೆಯುವಾಗ ಗಾಳಿಯನ್ನೂ ಲವಣವನ್ನೂ ತನ್ನೊಳಗೆ ಸೇರಿಸಿಕೊಳ್ಳದೆ ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ. ಅಚ್ಚಿಗೆ ಎಲ್ಲ ಕಡೆಯಿಂದಲೂ ಚಳಿ ತಾಗುವುದರಿಂದ ತಳ್ಳಿದ್ದೆಲ್ಲ ನಡುವೆ ಸಿಕ್ಕಿಬೀಳುತ್ತದೆ. ನಿಮಗೆ ಕಾಣುವ ಹತ್ತಿ ಅದೇ. ಒಂದೇ ಕಡೆಯಿಂದ ಚಳಿ ತಾಗಿಸಿದರೆ ತಿಳಿ ಐಸ್ ಬರುತ್ತದೆ ಎಂಬುದನ್ನು ಅಮೆರಿಕದ ಪಾನೀಯ ಬರಹಗಾರ ಕ್ಯಾಂಪರ್ ಇಂಗ್ಲಿಷ್ 2009ರಲ್ಲಿ ಪ್ರಯೋಗ ಮಾಡಿ ಬರೆದರು. ಕೆರೆಯೂ ಹೀಗೆಯೇ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ.

ಮನೆಯಲ್ಲಿ ಮಾಡಬೇಕೆಂದರೆ ಎರಡು ಪದರದ ಸ್ಟೀಲ್ ಮಗ್ಗು ಬೇಕು, ಕಾಫಿ ಬಿಸಿ ಆರದಂತೆ ಇಡುತ್ತದಲ್ಲ, ಅಂಥದ್ದು. ಅದರ ಬಾಯಿ ಅಚ್ಚಿಗಿಂತ ಕೊಂಚ ಚಿಕ್ಕದಿರಬೇಕು, ಅಚ್ಚು ಒಳಗೆ ಬೀಳದೆ ಮೇಲೆ ಕೂರಬೇಕು. ಮಗ್ಗಿಗೆ ನೀರು ತುಂಬಿ, ಕಂಠದಲ್ಲಿ ಒಂದಿಷ್ಟು ಜಾಗ ಬಿಡಿ. ಅಚ್ಚಿಗೆ ಈ ಸಲ ಮಾತ್ರ ಪೂರ್ತಿ ನೀರು ತುಂಬಬೇಕು, ಹಿಗ್ಗುವ ನೀರು ಕೆಳಗಿಳಿಯಲು ದಾರಿ ಇದೆ. ತೂತನ್ನು ಬೆರಳಿನಿಂದ ಮುಚ್ಚಿ, ಅಚ್ಚನ್ನು ತಲೆಕೆಳಗು ಮಾಡಿ, ತೂತು ಮಗ್ಗಿನ ನೀರೊಳಗೆ ಮುಳುಗುವಂತೆ ಕೂರಿಸಿ ಬೆರಳು ತೆಗೆಯಿರಿ. ಫ್ರೀಜರಿನ ಚಳಿ ಅಚ್ಚಿನ ಬೆನ್ನಿಗೆ ತಾಗುತ್ತದೆ, ಐಸ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಗುಳ್ಳೆಗಳೆಲ್ಲ ತೂತಿನ ಮೂಲಕ ಮಗ್ಗಿನ ನೀರಿಗೆ ಹೋಗುತ್ತವೆ. ಇದಕ್ಕೆ 20ರಿಂದ 24 ಗಂಟೆ ಹಿಡಿಯುತ್ತದೆ. ಉಂಡೆ ಗಟ್ಟಿಯಾಗಿ, ಮಗ್ಗಿನ ನೀರು ಇನ್ನೂ ನೀರಾಗಿಯೇ ಇರುವಾಗ ತೆಗೆದುಬಿಡಿ. ಮರೆತು ಎರಡು ದಿನ ಬಿಟ್ಟರೆ ಮಗ್ಗಿನೊಳಗಿನದೂ ಹೆಪ್ಪುಗಟ್ಟಿ ಹಿಗ್ಗಿ ಮಗ್ಗನ್ನೇ ಕೆಡಿಸುತ್ತದೆ. ಗಾಜಿನ ಥರ್ಮಾಸನ್ನು ಇದಕ್ಕೆ ಎಂದೂ ಬಳಸಬೇಡಿ.

ಒಂದೇ ಬಾಗಿಲಿನ ಫ್ರಿಜ್ಜುಗಳ ಫ್ರೀಜರಿನಲ್ಲಿ ಇಷ್ಟು ಎತ್ತರ ಸಿಗದಿರಬಹುದು. ಹಾಗಿದ್ದರೆ ಚಪಾತಿ ಇಡುವ ಹಾಟ್ ಬಾಕ್ಸಿಗೆ ಮುಕ್ಕಾಲು ನೀರು ಹಾಕಿ, ಮುಚ್ಚಳ ತೆಗೆದು ಒಂದು ದಿನ ಇಡಿ. ಮೇಲಿನ ಭಾಗ ತಿಳಿಯಾದ ಹಲಗೆಯಂತೆ ಬರುತ್ತದೆ, ಬಿಳಿಚಿದ ತಳವನ್ನು ಚಾಕುವಿನ ಹಿಂಬದಿಯಿಂದ ತಟ್ಟಿ ಬೇರೆ ಮಾಡಿ. ಉಂಡೆಯಾಗುವುದಿಲ್ಲ ನಿಜ. ಜಪಾನಿನ ಬಾರುಗಳಲ್ಲಿ ಇಂಥ ತಿಳಿ ಗಡ್ಡೆಯನ್ನೇ ಕೈಯಲ್ಲಿ ಕೆತ್ತಿ ಉಂಡೆ ಮಾಡುತ್ತಾರೆ, ಆದರೆ ಅಭ್ಯಾಸವಿಲ್ಲದ ಕೈಗೆ ಆ ಮೊನೆ ಹತಾರ ಅಪಾಯ. ಇನ್ನು ರುಚಿಯ ಮಾತು: ನೀರು ಒಳ್ಳೆಯದಿದ್ದರೆ ನಡುವೆ ಬಿಳಿ ಇರುವ ಉಂಡೆಯೂ ಪಾನಕಕ್ಕೆ ಏನೂ ಕೊರತೆ ಮಾಡುವುದಿಲ್ಲ.

ಪ್ರಶ್ನೆ: ಐಸಿಗೆ ಮೀನಿನ ವಾಸನೆ. ಅಚ್ಚನ್ನು ಎಷ್ಟು ತೊಳೆದರೂ ಹೋಗುತ್ತಿಲ್ಲ. (ಕಾರವಾರ)

ಉತ್ತರ: ಸಿಲಿಕೋನ್ ನೀರನ್ನು ಹಿಡಿದಿಡುತ್ತದೆ, ಆದರೆ ವಾಸನೆಯನ್ನೂ ಎಣ್ಣೆಯಂಶವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಮೀನು, ಹೆಚ್ಚಿಟ್ಟ ಈರುಳ್ಳಿ, ಇಂಗಿನ ಡಬ್ಬಿ ಯಾವುದಿದ್ದರೂ ಇದೇ ಕಥೆ. ಘಮಘಮಿಸುವ ಪಾತ್ರೆ ಸೋಪು ಹಾಕಿ ನೆನೆಸಿದರೆ ಮೀನಿನ ಜೊತೆ ಸೋಪಿನ ವಾಸನೆಯೂ ಸೇರುತ್ತದೆ.

ಅಚ್ಚು ಪೂರ್ತಿ ಸಿಲಿಕೋನಿನದೇ ಆಗಿದ್ದು, ಓವನ್ನಿನ ಶಾಖ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ತೊಳೆದು ಒಣಗಿಸಿ ಓಟಿಜಿಯಲ್ಲಿ 180 ಡಿಗ್ರಿಯಲ್ಲಿ ಅರ್ಧದಿಂದ ಒಂದು ಗಂಟೆ ಖಾಲಿ ಇಡಿ. ಹೀರಿಕೊಂಡ ವಾಸನೆ ಶಾಖಕ್ಕೆ ಹೊರಬರುತ್ತದೆ, ಅಡುಗೆಮನೆಯ ಕಿಟಕಿ ತೆಗೆದಿರಲಿ. ಪ್ಲಾಸ್ಟಿಕ್ ಮುಚ್ಚಳ ಅಥವಾ ಚೌಕಟ್ಟು ಇದ್ದರೆ ಈ ಕೆಲಸಕ್ಕೆ ಹೋಗಬೇಡಿ. ಓಟಿಜಿ ಇಲ್ಲದಿದ್ದರೆ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಆಮೇಲೆ ಎರಡು ದಿನ ಗಾಳಿಯಲ್ಲಿ ಒಣಗಿಸಿ. ಹಗುರ ವಾಸನೆಯಾದರೆ ಹೋಗುತ್ತದೆ. ಮುಂದಕ್ಕೆ ಐಸನ್ನು ಅಚ್ಚಿನಲ್ಲೇ ಬಿಡದೆ, ಗಟ್ಟಿಯಾದ ಕೂಡಲೇ ತೆಗೆದು ಜಿಪ್ ಚೀಲಕ್ಕೆ ಹಾಕಿಡಿ. ಫ್ಯಾನ್ ಇರುವ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ತೆರೆದಿಟ್ಟ ಉಂಡೆ ವಾರಗಳಲ್ಲಿ ತಾನಾಗಿ ಸವೆದು ಚಿಕ್ಕದೂ ಆಗುತ್ತದೆ.

ಪ್ರಶ್ನೆ: ವಿಸ್ಕಿ ಸುರಿದ ಕೂಡಲೇ ಉಂಡೆ ಫಟ್ಟೆಂದು ಸೀಳುತ್ತದೆ. (ಕಲಬುರಗಿ)

ಉತ್ತರ: ಫ್ರೀಜರಿನಿಂದ ಬಂದ ಐಸ್ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ, ನಿಮ್ಮ ಊರಿನ ಬೇಸಿಗೆಯಲ್ಲಿ ಬಾಟಲಿ 35 ಡಿಗ್ರಿ ಮುಟ್ಟಿರುತ್ತದೆ. ಹೊರಮೈ ಒಮ್ಮೆಲೇ ಹಿಗ್ಗುತ್ತದೆ, ಒಳಗಿನದು ಹಾಗೇ ಇರುತ್ತದೆ, ಸೀಳುತ್ತದೆ. ಉಂಡೆಯನ್ನು ಲೋಟದಲ್ಲಿಟ್ಟು ನೋಡುತ್ತಿರಿ. ಮೊದಲು ಮೈಮೇಲೆ ಬೂದಿ ಬಳಿದಂತೆ ಮಂಕು ಬಿಳುಪು ಇರುತ್ತದೆ, ಬೆರಳು ಅಂಟುತ್ತದೆ. ಐದಾರು ನಿಮಿಷಕ್ಕೆ ಆ ಮಂಕು ಹೋಗಿ ಮೈ ಒದ್ದೆಯಾಗಿ ಹೊಳೆಯುತ್ತದೆ. ಸುರಿಯಬೇಕಾದದ್ದು ಆಗ. ಉಂಡೆಯನ್ನು ಲೋಟಕ್ಕೆ ಮೇಲಿನಿಂದ ಬಿಡಬೇಡಿ, ನೂರು ಗ್ರಾಂ ತೂಕಕ್ಕೆ ತೆಳು ಗಾಜು ಒಡೆಯುತ್ತದೆ. ಲೋಟ ಓರೆ ಮಾಡಿ ಚಮಚದಿಂದ ಜಾರಿಸಿ.

ಪ್ರಶ್ನೆ: ಲೋಟದ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ, ಅಚ್ಚಿನ ಒಳಮೈಯಲ್ಲೂ ಬಿಳಿ ಕಲೆ. ಸಿಲಿಕೋನ್ ಉದುರುತ್ತಿದೆಯೇ? (ತುಮಕೂರು)

ಉತ್ತರ: ಬೋರ್‌ವೆಲ್ ನೀರು ಬಳಸುತ್ತಿದ್ದರೆ ಬಹುತೇಕ ಅದು ನೀರಿನ ಸುಣ್ಣದಂಶ. ಅಚ್ಚಿನ ಕಲೆಗೆ ಒಂದು ಹನಿ ವಿನೆಗರ್ ಇಲ್ಲವೇ ನಿಂಬೆರಸ ಬಿಟ್ಟು ನೋಡಿ, ಕರಗಿದರೆ ಸುಣ್ಣವೇ. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿದರೆ ಅಚ್ಚು ಮೊದಲಿನಂತಾಗುತ್ತದೆ. ಐಸಿಗೆ ಆರ್‌ಓ ನೀರು ಬಳಸಿ. ಕಲೆ ಕರಗದೆ, ಅಚ್ಚಿನ ಮೈ ಜಿಗುಟಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಎಸೆದುಬಿಡಿ.

ಪ್ರಶ್ನೆ: ಕಾಫಿ ಡಿಕಾಕ್ಷನ್ನು, ಪುನರ್ಪುಳಿ ಷರಬತ್ತನ್ನೇ ಉಂಡೆ ಮಾಡಬಹುದೇ? (ಪುತ್ತೂರು)

ಉತ್ತರ: ಧಾರಾಳವಾಗಿ. ಡಿಕಾಕ್ಷನ್ ಗಟ್ಟಿಯಾಗಿದ್ದರೆ ಅಷ್ಟೇ ನೀರು ಬೆರೆಸಿ, ಸಕ್ಕರೆ ಹಾಕದೆ, 4.5 ಸೆಂ.ಮೀ. ಅಚ್ಚಿನಲ್ಲಿ ಮಾಡಿ. ಅದಕ್ಕೆ 43 ಮಿ.ಲೀ. ಸಾಕು. ಕಾಯಿಸಿ ಆರಿಸಿ ತಣಿಸಿದ ಸಿಹಿ ಹಾಲಿಗೆ ಎರಡು ಉಂಡೆ ಹಾಕಿದರೆ ಕರಗುತ್ತಾ ಹೋದಂತೆ ಕಾಫಿ ಗಟ್ಟಿಯಾಗುತ್ತದೆ, ನೀರಾಗುವುದಿಲ್ಲ. ಇಲ್ಲಿ ಬೇಗ ಕರಗುವುದೇ ಬೇಕಾದ್ದರಿಂದ ಸಣ್ಣ ಉಂಡೆಯೇ ಚೆನ್ನ.

ಷರಬತ್ತಿನಲ್ಲಿ ಸಕ್ಕರೆ ಹೆಚ್ಚಾದಷ್ಟೂ ಐಸ್ ಮೆತ್ತಗಾಗುತ್ತದೆ, ಅಚ್ಚಿನಿಂದ ತೆಗೆಯುವಾಗ ಪುಡಿಯಾಗುತ್ತದೆ. ಕುಡಿಯುವ ಹದಕ್ಕಿಂತ ಸಿಹಿ ಅರ್ಧ ಇರಲಿ. ಪುದೀನ ಎಲೆ, ದಾಳಿಂಬೆ ಕಾಳು ಒಳಗೆ ಕಾಣಬೇಕೆಂದರೆ ಅರ್ಧ ನೀರಿನಲ್ಲಿ ಹಾಕಿ ಮೂರು ಗಂಟೆ ಹೆಪ್ಪುಗಟ್ಟಿಸಿ, ಉಳಿದ ನೀರನ್ನು ಫ್ರಿಜ್ಜಿನಲ್ಲಿ ತಣಿಸಿ ಆಮೇಲೆ ಸೇರಿಸಿ. ಒಟ್ಟಿಗೆ ಹಾಕಿದರೆ ಎಲೆ ತೇಲಿ ಮೇಲೇ ನಿಲ್ಲುತ್ತದೆ. ಬಣ್ಣದ ಷರಬತ್ತಿಗೆ ಒಂದು ಅಚ್ಚನ್ನು ಬೇರೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ದಿನವೂ ಮೂರು ನಾಲ್ಕು ಗಂಟೆ ಕರೆಂಟ್ ಹೋಗುತ್ತದೆ. ಉಂಡೆ ಸೊಟ್ಟಗಾಗುತ್ತದೆ. (ಕೊಪ್ಪಳ)

ಉತ್ತರ: ಕರೆಂಟ್ ಹೋಗುವ ಹೊತ್ತು ಗೊತ್ತಿದ್ದರೆ ಅದು ಬಂದ ಕೂಡಲೇ ಅಚ್ಚನ್ನು ಇಡಿ, ನೀರನ್ನು ಮೊದಲೇ ತಣಿಸಿರಿ. 6 ಸೆಂ.ಮೀ. ಉಂಡೆಗೆ ಹೊತ್ತು ಸಾಲದು, 4.5 ಸೆಂ.ಮೀ. ಅಚ್ಚು ತನ್ನಿ, ಐದಾರು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಕರೆಂಟ್ ಇಲ್ಲದಾಗ ಫ್ರೀಜರ್ ಬಾಗಿಲು ತೆರೆಯಬೇಡಿ, ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿಟ್ಟಿರಿ, ಚಳಿ ಉಳಿಯುತ್ತದೆ.

ಪ್ರಶ್ನೆ: ಉಂಡೆಯ ಮೇಲೆ ಸೋಡಾ ಸುರಿದರೆ ನೊರೆ ಉಕ್ಕಿ ಗ್ಯಾಸೆಲ್ಲ ಹೋಗುತ್ತದೆ. (ದಾವಣಗೆರೆ)

ಉತ್ತರ: ಐಸಿನ ಮೈಮೇಲಿನ ತರಿತರಿ ಹಿಮದಿಂದಲೇ ಗುಳ್ಳೆಗಳು ಏಳುತ್ತವೆ. ಉಂಡೆಯನ್ನು ತಣ್ಣೀರಿನಲ್ಲಿ ಎರಡು ಸೆಕೆಂಡು ಅದ್ದಿ ತೆಗೆದರೆ ಮೈ ನುಣುಪಾಗುತ್ತದೆ. ಸೋಡಾ ಬಾಟಲಿಯೂ ತಣ್ಣಗಿರಲಿ, ಲೋಟ ಓರೆ ಮಾಡಿ ಉಂಡೆಗೆ ತಾಗದಂತೆ ಗೋಡೆಯ ಮೇಲೆ ಇಳಿಬಿಡಿ.